ಇಂಗ್ಲೆಂಡಿನ ಸಿಕ್ಸ್ತ್ ಫಾರ್ಮ್: ಮೂರೇ ವಿಷಯ, ಮಧ್ಯಾಹ್ನಕ್ಕೇ ಮನೆಗೆ ಬರ್ತಾಳೆ. ಮಗಳು ಓದುತ್ತಿದ್ದಾಳಾ?

ಸುಮ್ನೆ ಕಾಲ ಕಳೆಯುತ್ತಿದ್ದಾಳೆ ಅಂತ ಈಗಲೇ ತೀರ್ಮಾನಿಸಬೇಡಿ. ಸಿಕ್ಸ್ತ್ ಫಾರ್ಮ್ ಅಂದರೆ ಇಯರ್ 12 ಮತ್ತು 13. ವಯಸ್ಸಿನ ಲೆಕ್ಕದಲ್ಲಿ ನಮ್ಮ ಪಿಯುಸಿ, ಹೋಲಿಕೆ ಹೆಚ್ಚುಕಡಿಮೆ ಅಲ್ಲಿಗೇ ಮುಗೀತು. ಪಿಸಿಎಂಬಿ ಥರ ಕಟ್ಟಿಟ್ಟ ಕಾಂಬಿನೇಷನ್ ಇರುವುದಿಲ್ಲ. ಗಣಿತದ ಜೊತೆ ಇತಿಹಾಸ ತಗೊಂಡರೂ ಯಾರೂ ಹುಬ್ಬೇರಿಸುವುದಿಲ್ಲ. ಸಾಮಾನ್ಯವಾಗಿ ಮೂರೇ ಎ ಲೆವೆಲ್ (ಒಂದೊಂದು ವಿಷಯದ ಎರಡು ವರ್ಷದ ಕೋರ್ಸ್), ಆದರೆ ಒಂದೊಂದೂ ಆಳ.

ಅವಳ ಟೈಮ್‌ಟೇಬಲ್ ಒಮ್ಮೆ ನೋಡಿ. ಒಂದು ವಿಷಯಕ್ಕೆ ವಾರಕ್ಕೆ ನಾಲ್ಕೈದು ಗಂಟೆ ಪಾಠ, ನಡುವೆ ಖಾಲಿ ಚೌಕಗಳು. ಆ ಖಾಲಿ ಚೌಕ ರಜೆಯಲ್ಲ. ಪಾಠ ನಡೆದಷ್ಟೇ ಹೊತ್ತು ತಾನಾಗಿ ಓದಬೇಕು ಅಂತ ಶಾಲೆಗಳು ಹೇಳುತ್ತವೆ. ಮೇಷ್ಟ್ರು ನೋಟ್ಸ್ ಬರೆಸಲ್ಲ, ದಿನಾ ಹೋಂವರ್ಕ್ ಕೇಳಲ್ಲ. ಜಿಸಿಎಸ್‌ಇಯಲ್ಲಿ (ನಮ್ಮ ಎಸ್ಸೆಸ್ಸೆಲ್ಸಿ ಥರದ ಪರೀಕ್ಷೆ) ಸಲೀಸಾಗಿ ಮಾರ್ಕ್ಸ್ ತೆಗೆದ ಮಕ್ಕಳೂ ಮೊದಲ ಟರ್ಮ್‌ನಲ್ಲಿ ಎಡವುವುದು ಇಲ್ಲೇ.

ಮುಖ್ಯ ಪರೀಕ್ಷೆ ಇಯರ್ 13ರ ಕೊನೆಗೆ, ಎರಡೂ ವರ್ಷದ ಪಾಠ ಸೇರಿಸಿ. ಹಾಗಂತ ಇಯರ್ 12 ಆರಾಮ ಅಂದುಕೊಳ್ಳಬೇಡಿ. ಆ ವರ್ಷದ ಕೆಲಸ, ಶಾಲೆಯ ಪರೀಕ್ಷೆ ನೋಡಿಯೇ ಟೀಚರ್‌ಗಳು ಪ್ರೆಡಿಕ್ಟೆಡ್ ಗ್ರೇಡ್, ಅಂದರೆ ಕೊನೆಗೆ ಬರಬಹುದಾದ ಗ್ರೇಡ್‌ನ ಅಂದಾಜು, ಕೊಡುತ್ತಾರೆ. ಯುಕಾಸ್ (ಯುನಿವರ್ಸಿಟಿ ಅರ್ಜಿಗಳನ್ನೆಲ್ಲ ನೋಡಿಕೊಳ್ಳುವ ಸಂಸ್ಥೆ) ಮೂಲಕ ಯುನಿವರ್ಸಿಟಿಗೆ ಹೋಗುವುದು ಆ ಗ್ರೇಡೇ. ಮೆಡಿಸಿನ್, ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗೆ ಇಯರ್ 13ರ ಅಕ್ಟೋಬರ್ ಮಧ್ಯಕ್ಕೇ ಅರ್ಜಿ ಹೋಗಿರಬೇಕು. ಬೇರೆ ಹೆಚ್ಚಿನ ಕೋರ್ಸ್‌ಗಳಿಗೆ ಜನವರಿ.

ಶನಿವಾರ ಅಂಗಡಿಯಲ್ಲಿ ಕೆಲಸ ಮಾಡ್ತೀನಿ ಅಂದರೆ ಗಾಬರಿಯಾಗಬೇಡಿ, ಇಲ್ಲಿ ಅದು ಮಾಮೂಲು. ವಾರಕ್ಕೆ ಎಂಟು ಗಂಟೆ ಕೆಲಸ ಸರಿ, ಇಪ್ಪತ್ತು ನನ್ನ ಪ್ರಕಾರ ಜಾಸ್ತಿ. ಸಂಜೆ "ಎಷ್ಟು ಮಾರ್ಕ್ಸ್ ಬಂತು?" ಅನ್ನುವ ಬದಲು "ಇವತ್ತು ಫ್ರೀ ಪೀರಿಯಡ್‌ನಲ್ಲಿ ಏನು ಮಾಡಿದೆ ಪುಟ್ಟಿ?" ಅಂತ ಕೇಳಿ ನೋಡಿ.