ಓದುಗರ ಪ್ರಶ್ನೆ, ತಜ್ಞರ ಉತ್ತರ: ಚಾಪ್ಲೇನ್ ಆಗಲು ಯಾವ ಎಂ.ಎ.?

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಅಂತರಧರ್ಮೀಯ ಅಧ್ಯಯನ, ಚಾಪ್ಲೇನ್ಸಿ ಮತ್ತು ಶಾಂತಿನಿರ್ಮಾಣ ವಿಷಯಗಳ ಸ್ನಾತಕೋತ್ತರ ಓದಿನ ಬಗ್ಗೆ ಬಂದಿರುವ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಆಸ್ಪತ್ರೆ, ಸೇನೆ, ಜೈಲು, ಕಾಲೇಜುಗಳಲ್ಲಿ ಸಂಕಟದಲ್ಲಿರುವವರ ಬಳಿ ಕೂತು, ಅವರದು ಯಾವ ಧರ್ಮವಾದರೂ, ಧರ್ಮವೇ ಬೇಡ ಎನ್ನುವವರಾದರೂ, ಮನಸ್ಸಿಗೆ ಆಸರೆಯಾಗುವುದನ್ನೇ ವೃತ್ತಿಯಾಗಿ ಮಾಡುವವರನ್ನು ಅಲ್ಲಿ ಚಾಪ್ಲೇನ್ ಎನ್ನುತ್ತಾರೆ.

ಪ್ರಶ್ನೆ: ಒಂದೇ ವಿಶ್ವವಿದ್ಯಾಲಯದಲ್ಲಿ ಅಂತರಧರ್ಮೀಯ ಅಧ್ಯಯನ, ಚಾಪ್ಲೇನ್ಸಿ, ಶಾಂತಿನಿರ್ಮಾಣ ಎಂದು ಮೂರು ಎಂ.ಎ. ಇವೆ. ಪಾಠಗಳೂ ಅರ್ಧಕ್ಕರ್ಧ ಒಂದೇ. ಯಾವುದಕ್ಕೆ ಸೇರಿದರೂ ಆಗುತ್ತದೆಯೇ?

ಉತ್ತರ: ಆಗುವುದಿಲ್ಲ. ಪಾಠ ಒಂದೇ ಇರಬಹುದು, ಮುಂದಿನ ದಾರಿ ಬೇರೆ. ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ಒಂದು ಸಂಸ್ಥೆಯಲ್ಲಿ ಹೀಗೆ ಮೂರೂ ಒಂದೇ ಸೂರಿನಡಿ ಸಿಗುತ್ತವೆ. 1833ರಲ್ಲಿ ಪಾದ್ರಿಗಳ ತರಬೇತಿಗೆಂದು ಶುರುವಾದ ಆ ಸಂಸ್ಥೆ 2021ರಲ್ಲಿ ‘ಹಾರ್ಟ್‌ಫರ್ಡ್ ಇಂಟರ್‌ನ್ಯಾಷನಲ್ ಯೂನಿವರ್ಸಿಟಿ ಫಾರ್ ರಿಲಿಜನ್ ಅಂಡ್ ಪೀಸ್’ ಎಂದು ಹೆಸರು ಬದಲಿಸಿಕೊಂಡಿತು. ಮುಸ್ಲಿಂ ಚಾಪ್ಲೇನ್‌ಗಳ ತರಬೇತಿಯಲ್ಲಿ ಅಮೆರಿಕದಲ್ಲೇ ಮೊದಲ ಹೆಜ್ಜೆ ಇಟ್ಟ ಸಂಸ್ಥೆಗಳಲ್ಲಿ ಅದೂ ಒಂದು.

ಚಾಪ್ಲೇನ್ ಆಗುವುದಾದರೆ ಮೊದಲು ಕ್ರೆಡಿಟ್ ಲೆಕ್ಕ ನೋಡಿ. ಎಂ.ಎ. ಸಾಮಾನ್ಯವಾಗಿ 36ರಿಂದ 48 ಕ್ರೆಡಿಟ್. ಎಂ.ಡಿವ್. (ಮಾಸ್ಟರ್ ಆಫ್ ಡಿವಿನಿಟಿ) ಎಂಬ ಮೂರು ವರ್ಷದ ಪದವಿಗೆ ಕನಿಷ್ಠ 72. ಅಮೆರಿಕದ ಸೇನೆಯಲ್ಲಿ ಚಾಪ್ಲೇನ್ ಆಗಲು ಬೇಕಿರುವುದೂ 72 ಕ್ರೆಡಿಟ್‌ನ ಸ್ನಾತಕೋತ್ತರ ಓದು. ಆಸ್ಪತ್ರೆ ಚಾಪ್ಲೇನ್‌ಗಳ ಬೋರ್ಡ್ ಸರ್ಟಿಫಿಕೇಶನ್‌ಗೂ (ವೃತ್ತಿಸಂಸ್ಥೆ ಕೊಡುವ ಅರ್ಹತಾ ಪತ್ರ) ಬಹುಕಾಲದಿಂದ ಅದೇ ಅಳತೆಗೋಲು. 36 ಕ್ರೆಡಿಟ್‌ನ ಎಂ.ಎ. ಮುಗಿಸಿ, ಆಮೇಲೆ ಉಳಿದ ಕ್ರೆಡಿಟ್‌ಗಾಗಿ ಇನ್ನೊಂದು ಕಾಲೇಜಿನ ಬಾಗಿಲು ತಟ್ಟುವವರು ಬಹಳ. ಸೇರುವ ಮುಂಚೆಯೇ ಪ್ರವೇಶ ಕಚೇರಿಗೆ ಬರೆದು ಕೇಳಿ: ‘ಈ ಪದವಿಯ ಎಷ್ಟು ಕ್ರೆಡಿಟ್ ಬೋರ್ಡ್ ಸರ್ಟಿಫಿಕೇಶನ್‌ಗೆ ಲೆಕ್ಕಕ್ಕೆ ಬರುತ್ತದೆ? ಉಳಿದದ್ದನ್ನು ಇಲ್ಲೇ ತುಂಬಿಸಿಕೊಳ್ಳಬಹುದೇ?’ ಉತ್ತರ ಬರಹದಲ್ಲೇ ಬರಲಿ. ನಿಯಮಗಳು ಆಗಾಗ ಬದಲಾಗುತ್ತವೆ, ಆದ್ದರಿಂದ ಸರ್ಟಿಫಿಕೇಟ್ ಕೊಡುವ ಸಂಸ್ಥೆಯ ಈ ವರ್ಷದ ನಿಯಮಾವಳಿಯನ್ನೂ ಜತೆಗಿಟ್ಟುಕೊಂಡು ಓದಿ.

ಪಾಠ ಹೇಳುವುದು, ಸಂಶೋಧನೆ, ಪತ್ರಿಕೋದ್ಯಮದತ್ತ ಮನಸ್ಸಿದ್ದರೆ ಅಂತರಧರ್ಮೀಯ ಅಧ್ಯಯನ ಸಾಕು. ಜಗಳವಿರುವ ಊರುಗಳಲ್ಲಿ ಕೆಲಸ ಮಾಡಬೇಕೆಂದಿದ್ದರೆ ಶಾಂತಿನಿರ್ಮಾಣ.

ಪ್ರಶ್ನೆ: ನಾನು ಎಂಟು ವರ್ಷದಿಂದ ನರ್ಸ್. ಚಾಪ್ಲೇನ್ ಆಗಲು ಸಿಪಿಇ ಮಾಡಲೇಬೇಕು ಅನ್ನುತ್ತಾರೆ. ವಾರ್ಡಿನ ಅನುಭವ ಇರುವ ನನಗೂ ಅದು ಬೇಕೇ? ಅಲ್ಲಿ ಏನು ಕಲಿಸುತ್ತಾರೆ?

ಉತ್ತರ: ಬೇಕು. ನಿಮ್ಮ ಅನುಭವ ನೆರವಿಗೂ ಬರುತ್ತದೆ, ಅಡ್ಡಿಯನ್ನೂ ಮಾಡುತ್ತದೆ.

ಸಿಪಿಇ ಎಂದರೆ ಕ್ಲಿನಿಕಲ್ ಪ್ಯಾಸ್ಟೊರಲ್ ಎಜುಕೇಶನ್. 1925ರಲ್ಲಿ ಮ್ಯಾಸಚೂಸೆಟ್ಸ್‌ನ ವುಸ್ಟರ್ ಮಾನಸಿಕ ಆಸ್ಪತ್ರೆಯಲ್ಲಿ ಆಂಟನ್ ಬಾಯ್ಸನ್ ಎಂಬ ಪಾದ್ರಿ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ವಾರ್ಡಿಗೆ ಕರೆತಂದರು. ಸ್ವತಃ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಯಾಗಿದ್ದವರು ಅವರು. ಗ್ರಂಥವನ್ನು ಎಷ್ಟು ಶ್ರದ್ಧೆಯಿಂದ ಓದುತ್ತೀರೋ ಅಷ್ಟೇ ಶ್ರದ್ಧೆಯಿಂದ ಎದುರಿಗಿರುವ ಮನುಷ್ಯನನ್ನೂ ಓದಬೇಕು ಎಂಬುದು ಅವರ ನಿಲುವು. ಸಿಪಿಇ ಇಂದಿಗೂ ಅದೇ ನಿಲುವಿನ ಮೇಲೆ ನಡೆಯುತ್ತಿದೆ.

ಒಂದು ಯೂನಿಟ್ ಎಂದರೆ 400 ಗಂಟೆ. ಅದರಲ್ಲಿ ಕನಿಷ್ಠ 100 ಗಂಟೆ ಗುಂಪಿನಲ್ಲಿ ಮತ್ತು ಮಾರ್ಗದರ್ಶಕರ ಜತೆ ಕಲಿಯುವುದು, ಉಳಿದದ್ದರಲ್ಲಿ ದೊಡ್ಡ ಪಾಲು ರೋಗಿಗಳ ಭೇಟಿ. ಬೇಸಿಗೆಯಲ್ಲಾದರೆ ಪೂರ್ಣಾವಧಿಯಾಗಿ 10ರಿಂದ 12 ವಾರ, ಓದಿನ ಜತೆಗಾದರೆ ಹಲವು ತಿಂಗಳು. ಬೋರ್ಡ್ ಸರ್ಟಿಫಿಕೇಶನ್‌ಗೆ ನಾಲ್ಕು ಯೂನಿಟ್, ಅಂದರೆ 1,600 ಗಂಟೆ. ಎಂ.ಎ. ಜತೆ ಒಂದು ಯೂನಿಟ್ ಮಾಡಿ, ಪದವಿಯ ನಂತರ ಆಸ್ಪತ್ರೆಯ ಒಂದು ವರ್ಷದ ರೆಸಿಡೆನ್ಸಿಯಲ್ಲಿ ಉಳಿದದ್ದನ್ನು ಮುಗಿಸುವುದು ಸಾಮಾನ್ಯ ದಾರಿ. ರೆಸಿಡೆನ್ಸಿಗೆ ಸ್ಟೈಪೆಂಡ್ ಇರುತ್ತದೆ.

ಸಿಪಿಇಯ ಜೀವಾಳ ‘ವರ್ಬೇಟಿಮ್’. ಒಂದು ಭೇಟಿಯಲ್ಲಿ ನಡೆದ ಮಾತನ್ನು ನೆನಪಿನಿಂದ ಸಾಲು ಸಾಲಾಗಿ, ನಡುವಿನ ಮೌನವನ್ನೂ ಸೇರಿಸಿ, ರೋಗಿಯ ಗುರುತು ಸಿಗದಂತೆ ಬರೆದು ಗುಂಪಿನ ಮುಂದಿಡಬೇಕು. ನಮೂನೆ ಹೀಗಿರುತ್ತದೆ (ಅಂಕಿಗಳು ಮಾತಿನ ಸರದಿ):

ರೋಗಿ 1: ನಾಳೆ ಆಪರೇಷನ್. ದೇವರು ನನ್ನ ಮೇಲೆ ಸಿಟ್ಟಾಗಿದ್ದಾನೇನೋ.
ಚಾಪ್ಲೇನ್ 1: ಹಾಗೆಲ್ಲ ಅಂದುಕೊಳ್ಳಬೇಡಿ. ದೇವರು ಯಾರ ಮೇಲೂ ಸಿಟ್ಟಾಗಲ್ಲ. ಡಾಕ್ಟರೂ ತುಂಬಾ ಒಳ್ಳೆಯವರು.
ರೋಗಿ 2: ಹೂಂ, ಒಳ್ಳೆಯವರೇ. (ಕಿಟಕಿ ಕಡೆ ಮುಖ ತಿರುಗಿಸಿದರು.)

ತಪ್ಪೆಲ್ಲ ‘ಚಾಪ್ಲೇನ್ 1’ರಲ್ಲಿದೆ. ರೋಗಿ ತನ್ನ ಭಯವನ್ನು ಹೊರಗಿಟ್ಟರು. ಚಾಪ್ಲೇನ್ ಅದನ್ನು ಮುಟ್ಟಲಿಲ್ಲ, ಸಮಾಧಾನದ ಮಾತು ಹೇಳಿ ಮುಚ್ಚಿಬಿಟ್ಟರು. ಜತೆಗೆ ದೇವರ ಬಗ್ಗೆ ತಮ್ಮ ನಂಬಿಕೆಯನ್ನೇ ರೋಗಿಯ ಮೇಲೆ ಹೊರಿಸಿದರು. ಗುಂಪು ಕೇಳುವ ಪ್ರಶ್ನೆ ಒಂದೇ: ಆ ಉತ್ತರದಿಂದ ಯಾರ ಭಯ ಕಡಿಮೆಯಾಯಿತು, ರೋಗಿಯದೋ ನಿಮ್ಮದೋ? ‘ಸಿಟ್ಟಾಗಿದ್ದಾನೆ ಅಂತ ಅನಿಸ್ತಿದೆ...’ ಎಂದು ಅವರ ಮಾತನ್ನೇ ಮೆಲ್ಲಗೆ ಮರಳಿಸಿ ಸುಮ್ಮನಿದ್ದಿದ್ದರೆ, ‘ರೋಗಿ 2’ರಲ್ಲಿ ಹತ್ತು ವರ್ಷದಿಂದ ಎದೆಯಲ್ಲಿಟ್ಟುಕೊಂಡ ಯಾವುದೋ ಮಾತು ಬರಬಹುದಿತ್ತು.

ನರ್ಸ್‌ಗಳಿಗೆ ಇಲ್ಲಿ ಬೇರೆಯೇ ಕಷ್ಟ. ಕೋಣೆಗೆ ಕಾಲಿಟ್ಟ ಕೂಡಲೇ ಕಣ್ಣು ಮಾನಿಟರ್‌ಗೆ, ಡ್ರಿಪ್ಪಿಗೆ ಹೋಗುತ್ತದೆ. ಕೈಗೆ ಏನಾದರೂ ಮಾಡಬೇಕೆನಿಸುತ್ತದೆ. ನೋವು ಕಂಡರೆ ಸರಿಪಡಿಸುವುದು ನಿಮ್ಮ ವೃತ್ತಿ ಕಲಿಸಿದ ಒಳ್ಳೆಯ ಗುಣವೇ. ಆದರೆ ಸರಿಪಡಿಸಲಾಗದ ನೋವಿನ ಪಕ್ಕ ಇಪ್ಪತ್ತು ನಿಮಿಷ ಏನೂ ಮಾಡದೆ ಕೂರುವುದನ್ನು ಮೊದಲ ಯೂನಿಟ್‌ನಲ್ಲಿ ಹೊಸದಾಗಿ ಕಲಿಯಬೇಕಾಗುತ್ತದೆ. ಆಸ್ಪತ್ರೆಯ ರೀತಿನೀತಿ, ಸಾವಿನ ಸಾಮೀಪ್ಯ ಇವೆಲ್ಲ ನಿಮಗೆ ಆಗಲೇ ಗೊತ್ತಿರುವುದು ದೊಡ್ಡ ಅನುಕೂಲ.

ಲಸಿಕೆ ದಾಖಲೆ, ಕ್ಷಯ ಪರೀಕ್ಷೆ, ಹಿನ್ನೆಲೆ ತಪಾಸಣೆಗೆ ವಾರಗಟ್ಟಲೆ ಹಿಡಿಯುತ್ತದೆ. ಕಾಗದಪತ್ರ ಮೊದಲೇ ಸಿದ್ಧವಿರಲಿ.

ಪ್ರಶ್ನೆ: ನಾನು ಹಿಂದೂ. ಪೂಜಾರಿಯೂ ಅಲ್ಲ, ಸನ್ಯಾಸಿಯೂ ಅಲ್ಲ. ನನ್ನನ್ನು ಚಾಪ್ಲೇನ್ ಆಗಿ ಒಪ್ಪುತ್ತಾರೆಯೇ?

ಉತ್ತರ: ಓದಲು ಏನೂ ತೊಡಕಿಲ್ಲ. ಕೆಲಸಕ್ಕೆ ಸೇರುವಾಗ ‘ಎಂಡಾರ್ಸ್‌ಮೆಂಟ್’ ಕೇಳುತ್ತಾರೆ. ‘ಈ ವ್ಯಕ್ತಿ ನಮ್ಮ ಪರಂಪರೆಯವರು, ಈ ಸೇವೆಗೆ ಯೋಗ್ಯರು’ ಎಂದು ಒಂದು ಧಾರ್ಮಿಕ ಸಂಸ್ಥೆ ಕೊಡುವ ಅಧಿಕೃತ ಪತ್ರ ಅದು. ಚರ್ಚುಗಳಲ್ಲಿ ಇದಕ್ಕೆಂದೇ ಕಚೇರಿಗಳಿವೆ. ಮಠ, ದೇವಸ್ಥಾನಗಳಲ್ಲಿ ಅಂಥ ಏರ್ಪಾಡು ಅಪರೂಪ. 2011ರಲ್ಲಿ ಪ್ರತಿಮಾ ಧರ್ಮ್ ಅಮೆರಿಕದ ಸೇನೆಯ ಮೊದಲ ಹಿಂದೂ ಚಾಪ್ಲೇನ್ ಆದಾಗ ಎಂಡಾರ್ಸ್‌ಮೆಂಟ್ ಕೊಟ್ಟಿದ್ದು ಚಿನ್ಮಯ ಮಿಷನ್ ವೆಸ್ಟ್. ಪದವಿ ಮುಗಿದ ಮೇಲೆ ಪತ್ರ ಹುಡುಕಲು ಹೊರಟರೆ ತಡವಾಗುತ್ತದೆ. ನಿಮ್ಮನ್ನು ಕಂಡೇ ಇಲ್ಲದ ಸಂಸ್ಥೆ ನಿಮ್ಮ ಪರವಾಗಿ ಹೇಗೆ ಬರೆದೀತು? ಮೊದಲ ಸೆಮಿಸ್ಟರ್‌ನಲ್ಲೇ ಒಂದು ಸಂಸ್ಥೆಯ ಜತೆ ಒಡನಾಟ ಬೆಳೆಸಿ, ಅವರ ನಿಯಮ ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ಅರ್ಜಿಯ ಜತೆಗಿನ ಪ್ರಬಂಧದಲ್ಲಿ ‘ಎಲ್ಲ ಧರ್ಮಗಳ ಸಾರ ಒಂದೇ’ ಎಂದು ಬರೆದಿದ್ದೇನೆ. ಸ್ನೇಹಿತರು ಬೇಡ ಅನ್ನುತ್ತಾರೆ. ಇದರಲ್ಲಿ ತಪ್ಪೇನು?

ಉತ್ತರ: ನಿಮ್ಮ ಸ್ನೇಹಿತರ ಮಾತು ಕೇಳಿ. ಆ ನಂಬಿಕೆಯನ್ನು ನಾವು ಗೌರವಿಸುತ್ತೇವೆ. ಆದರೆ ಎಲ್ಲವೂ ಒಂದೇ ಎಂದಾದರೆ ಈ ಓದಿನಲ್ಲಿ ಕಲಿಯಲು ಏನೂ ಉಳಿಯುವುದಿಲ್ಲ. ಮರುಜನ್ಮವನ್ನು ನಂಬುವವರ ಮನೆಯ ಸಾವು ಬೇರೆ, ಅಂತಿಮ ತೀರ್ಪಿನ ದಿನವನ್ನು ನಂಬುವವರ ಮನೆಯ ಸಾವು ಬೇರೆ. ಆ ವ್ಯತ್ಯಾಸ ಗೊತ್ತಿಲ್ಲದೆ ಹೇಳಿದ ಸಾಂತ್ವನ ಕೆಲವೊಮ್ಮೆ ಗಾಯ ಮಾಡುತ್ತದೆ.

ಸ್ಟಾಕ್‌ಹೋಮ್‌ನ ಬಿಷಪ್ ಆಗಿದ್ದ ಕ್ರಿಸ್ಟರ್ ಸ್ಟೆಂಡಾಲ್ 1985ರಲ್ಲಿ, ಅಲ್ಲಿ ಮಾರ್ಮನ್ ಎಂಬ ಪಂಥದ ಮಂದಿರಕ್ಕೆ ವಿರೋಧ ಎದ್ದಾಗ, ಮೂರು ಸೂತ್ರ ಹೇಳಿದ್ದರು. ಒಂದು ಧರ್ಮದ ಬಗ್ಗೆ ತಿಳಿಯಬೇಕಾದರೆ ಅದರವರನ್ನೇ ಕೇಳಿ, ಅದರ ವೈರಿಗಳನ್ನಲ್ಲ. ನಿಮ್ಮದರಲ್ಲಿನ ಶ್ರೇಷ್ಠವನ್ನು ಇನ್ನೊಬ್ಬರ ಕೆಟ್ಟದ್ದರ ಪಕ್ಕ ಇಟ್ಟು ಹೋಲಿಸಬೇಡಿ. ಇನ್ನೊಂದು ಧರ್ಮದಲ್ಲಿ ‘ಇದು ನಮ್ಮಲ್ಲೂ ಇರಬಾರದಿತ್ತೇ’ ಎನಿಸುವಂಥದ್ದಕ್ಕೆ ಮನಸ್ಸಿನಲ್ಲಿ ಜಾಗ ಬಿಡಿ. ಈ ಮೂರನೆಯದೇ ಪ್ರಬಂಧಕ್ಕೆ ಒಳ್ಳೆಯ ಆರಂಭ. ಇನ್ನೊಂದು ಪರಂಪರೆಯ ಯಾವ ಆಚರಣೆ ನಿಮ್ಮನ್ನು ತಡೆದು ನಿಲ್ಲಿಸಿತು, ಯಾವುದು ಇನ್ನೂ ಅರ್ಥವಾಗಿಲ್ಲ ಎಂದು ಒಂದೊಂದೇ ಉದಾಹರಣೆ ಕೊಟ್ಟು ಬರೆಯಿರಿ.

ಪ್ರಶ್ನೆ: ಧರ್ಮಗುರುಗಳನ್ನು ಒಂದೇ ವೇದಿಕೆಗೆ ತಂದರೆ ಶಾಂತಿ ಬರುತ್ತದೆಯೇ? ಶಾಂತಿನಿರ್ಮಾಣದ ತರಗತಿಯಲ್ಲಿ ಕಲಿಸುವುದು ಇದನ್ನೇ ಅಲ್ಲವೇ?

ಉತ್ತರ: ವೇದಿಕೆ ಕೊನೆಗೆ ಬರುವಂಥದ್ದು. ತರಗತಿಯಲ್ಲಿ ಮೊದಲು ಮಾಡಿಸುವುದು ಜಗಳದ ನಕ್ಷೆ. ದೊಡ್ಡ ಹಾಳೆಯ ಮೇಲೆ ಯಾರು ಯಾರು ಇದ್ದಾರೆ, ಯಾರಿಗೆ ಯಾರ ಮೇಲೆ ಹಿಡಿತ, ಯಾರ ನಡುವೆ ಮಾತು ಕಡಿದಿದೆ ಎಂದು ಗೆರೆ ಎಳೆಯುತ್ತಾರೆ. ಬಹಳ ಸಲ ಮೆರವಣಿಗೆಯ ಜಗಳದ ಬುಡದಲ್ಲಿ ಜಾಗದ ಜಗಳ ಇರುತ್ತದೆ. ಅದನ್ನು ಬಿಟ್ಟು ಗ್ರಂಥದ ಮಾತು ಎತ್ತಿದರೆ ಸಭೆ ಚೆನ್ನಾಗಿ ನಡೆಯುತ್ತದೆ, ಜಗಳ ಇದ್ದಲ್ಲೇ ಇರುತ್ತದೆ.

ಶಾಂತಿನಿರ್ಮಾಣದ ವಿದ್ವಾಂಸ ಜಾನ್ ಪಾಲ್ ಲೆಡೆರಾಕ್ ಸಮಾಜವನ್ನು ಮೂರು ಹಂತದ ಪಿರಮಿಡ್ ಆಗಿ ನೋಡಿದರು: ಮೇಲೆ ದೊಡ್ಡ ನಾಯಕರು, ಕೆಳಗೆ ಸಾಮಾನ್ಯ ಜನ, ನಡುವೆ ಎರಡೂ ಕಡೆ ಮಾತು ನಡೆಯುವ ಶಿಕ್ಷಕರು, ಸಂಘದವರು, ಸ್ಥಳೀಯ ಗುರುಗಳು. ಕೆಲಸ ಕಚ್ಚಿಕೊಳ್ಳುವುದು ಈ ನಡುವಿನ ಹಂತದಲ್ಲಿ. ದೊಡ್ಡವರನ್ನು ಮಾತ್ರ ಕರೆದು, ಹೆಂಗಸರನ್ನೂ ಹುಡುಗರನ್ನೂ ಹೊರಗಿಟ್ಟು, ಒಂದೇ ಸಭೆಗೆ ಮುಗಿಸಿದ ಸಂವಾದಗಳು ಉಳಿಯದಿರಲು ಇದೇ ಕಾರಣ.

ಪ್ರಶ್ನೆ: ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಆನ್‌ಲೈನ್ ತರಗತಿ ತೆಗೆದುಕೊಳ್ಳಬಹುದೇ? ಸಿಪಿಇಗೆ ಬೇರೆ ಅನುಮತಿ ಬೇಕೇ?

ಉತ್ತರ: ಪೂರ್ತಿ ಆನ್‌ಲೈನ್ ಪದವಿಗೆ ಎಫ್-1 ಸಿಗುವುದಿಲ್ಲ. ಪೂರ್ಣಾವಧಿ ಓದಿನ ಲೆಕ್ಕಕ್ಕೆ ಒಂದು ಸೆಮಿಸ್ಟರ್‌ಗೆ ಒಂದೇ ಆನ್‌ಲೈನ್ ತರಗತಿ, ಅಂದರೆ ಮೂರು ಕ್ರೆಡಿಟ್, ಬರುತ್ತದೆ. ಅನೇಕ ಚಾಪ್ಲೇನ್ಸಿ ಕೋರ್ಸ್‌ಗಳು ಹೆಚ್ಚಾಗಿ ಆನ್‌ಲೈನ್‌ನಲ್ಲೇ ನಡೆಯುವುದರಿಂದ ಐ-20 (ವೀಸಾಕ್ಕಾಗಿ ಕಾಲೇಜು ಕೊಡುವ ಪತ್ರ) ಕೊಡುತ್ತಾರೆಯೇ ಎಂದು ಮೊದಲೇ ಕೇಳಿ. ಓದಿನ ಭಾಗವಾಗಿ ಮಾಡುವ ಸಿಪಿಇಗೆ ಸಾಮಾನ್ಯವಾಗಿ ಸಿಪಿಟಿ, ಅಂದರೆ ಓದಿನ ಭಾಗವಾದ ಕೆಲಸ-ತರಬೇತಿಯ ಅನುಮತಿ, ಬೇಕು. ಆಸ್ಪತ್ರೆಗೆ ಕಾಲಿಡುವ ಮೊದಲ ದಿನಕ್ಕೆ ಮುಂಚೆಯೇ ಅದು ನಿಮ್ಮ ಐ-20ಯಲ್ಲಿ ನಮೂದಾಗಿರಬೇಕು. ಪೂರ್ಣಾವಧಿ ಸಿಪಿಟಿ 12 ತಿಂಗಳು ತಲುಪಿದರೆ ಪದವಿಯ ನಂತರದ ಒಪಿಟಿ (ಓದಿಗೆ ಸಂಬಂಧಿಸಿದ ಕೆಲಸ ಮಾಡುವ ಅನುಮತಿ) ಕೈತಪ್ಪುತ್ತದೆ. ರೆಸಿಡೆನ್ಸಿ ಮಾಡಲು ನಿಮಗೆ ಬೇಕಾಗುವುದು ಆ ಒಪಿಟಿಯೇ. ಅದಕ್ಕೆ ಕೋರ್ಸ್ ಮುಗಿಯುವ 90 ದಿನ ಮೊದಲಿನಿಂದ, ಮುಗಿದ 60 ದಿನದವರೆಗೆ ಅರ್ಜಿ ಹಾಕಬಹುದು. ರೆಸಿಡೆನ್ಸಿ ಶುರುವಾಗುವ ತಾರೀಖು ನೋಡಿಕೊಂಡು ಆದಷ್ಟು ಬೇಗ ಹಾಕಿಬಿಡಿ.