ಎಂಬತ್ತೊಂಬತ್ತೋ, ತೊಂಬತ್ತೋ?

ಮ್ಯಾಂಚೆಸ್ಟರ್‌ನಲ್ಲಿ ನೆಲೆಸಿರುವ ಓದುಗರೊಬ್ಬರ ಪತ್ರದ ಸಾರ ಇದು: "ಕಳೆದ ಸಂಚಿಕೆಯಲ್ಲಿ 1999ರಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ ಫುಟ್‌ಬಾಲ್ ಪ್ಲೇಆಫ್ ಫೈನಲ್ (ಮೇಲಿನ ದರ್ಜೆಗೆ ಬಡ್ತಿ ತೀರ್ಮಾನಿಸುವ ಪಂದ್ಯ) ಬಗ್ಗೆ ಬರೆಯುತ್ತ, ಮ್ಯಾಂಚೆಸ್ಟರ್ ಸಿಟಿ ಹೆಚ್ಚುವರಿ ಸಮಯದಲ್ಲಿ ಎರಡು ಗೋಲು ಹೊಡೆದು ಗಿಲಿಂಗಮ್ ತಂಡವನ್ನು ಮಣಿಸಿತು ಎಂದಿದ್ದೀರಿ. ನನ್ನ ಜೊತೆ ಕೆಲಸ ಮಾಡುವ ಇಬ್ಬರು ಹಿರಿಯರು ಅವತ್ತು ಕ್ರೀಡಾಂಗಣದಲ್ಲಿದ್ದವರು. ನೀವು ಬರೆದದ್ದು ಸರಿಯಿಲ್ಲ ಅನ್ನುವುದರಲ್ಲಿ ಇಬ್ಬರೂ ಒಂದೇ. ಉಳಿದದ್ದರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೂಡುವುದಿಲ್ಲ. ಮೊದಲ ಗೋಲು 89ನೇ ನಿಮಿಷದ್ದು ಅಂತ ಒಬ್ಬರು, 90 ಅಂತ ಇನ್ನೊಬ್ಬರು. ಎರಡನೆಯದು 94ನೆಯದೋ 95ನೆಯದೋ ಅನ್ನುವ ವಾದ ಬೇರೆ. ಕೊನೆತನಕ ಕದಲಲಿಲ್ಲ ಅಂತ ಇಬ್ಬರೂ ಹೇಳುತ್ತಾರೆ. ಒಬ್ಬರ ಮನೆಯವರು ಮಾತ್ರ ತಲೆಯಾಡಿಸುತ್ತಾರೆ. ಇವರ ನೆನಪುಗಳನ್ನು ಬರೆದಿಡುವ ಆಸೆ ನನಗೆ. ಯಾರನ್ನು ನಂಬಲಿ? ಅಷ್ಟೊಂದು ಕಪ್ ಗೆದ್ದ ಕ್ಲಬ್ಬಿನವರು ಮೂರನೇ ದರ್ಜೆಯ ಪಂದ್ಯವೊಂದನ್ನೇ ಯಾಕೆ ಇಷ್ಟು ಹಚ್ಚಿಕೊಂಡಿದ್ದಾರೆ?"

ಮೊದಲಿಗೆ ತಪ್ಪೊಪ್ಪಿಗೆ. ನಿಮ್ಮ ಸಹೋದ್ಯೋಗಿಗಳ ಮಾತು ಸರಿ, ನಾವು ಅಚ್ಚು ಹಾಕಿದ್ದು ತಪ್ಪು. ಕನ್ನಡದ ಕ್ರೀಡಾಪುಟಗಳಲ್ಲಿ ಎರಡು ಬೇರೆ ಸಂಗತಿಗಳಿಗೆ "ಹೆಚ್ಚುವರಿ ಸಮಯ" ಎಂಬ ಒಂದೇ ಮಾತು ಬಳಕೆಯಾಗುತ್ತಿದೆ. ತೊಂಬತ್ತು ನಿಮಿಷದ ಆಟದಲ್ಲಿ ಗಾಯ, ಆಟಗಾರರ ಬದಲಾವಣೆ, ಕಾಲಹರಣಗಳಿಗೆ ಹೋದ ಹೊತ್ತನ್ನು ರೆಫರಿ ಕೊನೆಗೆ ಸೇರಿಸುತ್ತಾರಲ್ಲ, ಅದು ಇಂಜುರಿ ಟೈಮ್. ಪಂದ್ಯ ಸಮವಾಗಿ ನಿಂತು ಫಲಿತಾಂಶ ಬೇಕೇಬೇಕಾದಾಗ ಆಡಿಸುವ 15 ನಿಮಿಷಗಳ ಎರಡು ಅವಧಿಗಳು ಹೆಚ್ಚುವರಿ ಸಮಯ. 1999ರ ಮೇ 30ರ ಭಾನುವಾರ ಸಿಟಿಯನ್ನು ಸಮಕ್ಕೆ ತಂದದ್ದು ಕೊನೆಯ ನಿಮಿಷ ಮತ್ತು ಇಂಜುರಿ ಟೈಮ್. ಆಮೇಲಿನ ಮೂವತ್ತು ನಿಮಿಷ ಯಾರೂ ಗೋಲು ಹೊಡೆಯಲಿಲ್ಲ, ಪೆನಾಲ್ಟಿಗಳಲ್ಲಿ ಪಂದ್ಯ ತೀರ್ಮಾನವಾಯಿತು. ಇನ್ನು ಮುಂದೆ ಈ ಎರಡು ಮಾತುಗಳನ್ನು ಬೆರೆಸುವುದಿಲ್ಲ. ಅದೇ ಲೇಖನದಲ್ಲಿ ಇನ್ನೂ ಒಂದು ತಪ್ಪಿತ್ತು, ನೀವು ದೊಡ್ಡ ಮನಸ್ಸಿನಿಂದ ಎತ್ತಿ ತೋರಿಸಿಲ್ಲ. ಕೆಂಟ್ ಪ್ರಾಂತದ ಆ ಊರಿನವರು ತಮ್ಮ ಊರನ್ನು ಜಿಲಿಂಗಮ್ ಎನ್ನುತ್ತಾರೆ. ಗಿಲಿಂಗಮ್ ಎಂದು ಕರೆಸಿಕೊಳ್ಳುವ ಊರು ಇರುವುದು ಡಾರ್ಸೆಟ್‌ನಲ್ಲಿ.

ನಿಮಿಷಗಳ ಜಗಳ ಸುಲಭವಾಗಿ ಬಗೆಹರಿಯುತ್ತದೆ. ಗಡಿಯಾರ ಸೊನ್ನೆಯಿಂದ ಶುರುವಾಗುತ್ತದೆ, ಪಂದ್ಯದ ದಾಖಲೆ ಒಂದರಿಂದ. ಆಟ ಶುರುವಾಗಿ ಇಪ್ಪತ್ತು ಸೆಕೆಂಡಿಗೆ ಗೋಲಾದರೆ ದಾಖಲೆಯಲ್ಲಿ ಅದು 1ನೇ ನಿಮಿಷದ ಗೋಲು. ಗಡಿಯಾರ 89 ದಾಟಿ ಇನ್ನೂ 90 ಮುಟ್ಟದಿರುವಾಗ ಬಿದ್ದದ್ದು 90ನೇ ನಿಮಿಷದ ಗೋಲು. ಗಡಿಯಾರದಲ್ಲಿ 94 ದಾಟಿದ್ದು 90+5. ಸಿಟಿಯ ಕೆವಿನ್ ಹಾರ್ಲಾಕ್ ಹೊಡೆದ ಮೊದಲ ಗೋಲು ದಾಖಲೆಯಲ್ಲಿ 90, ಪಾಲ್ ಡಿಕಾವ್ ಹೊಡೆದ ಎರಡನೆಯದು 90+5. ಹಾಗಾಗಿ 89, 94 ಎನ್ನುವವರು ಗಡಿಯಾರ ನೋಡಿದವರು, 90, 95 ಎನ್ನುವವರು ಮರುದಿನ ಪತ್ರಿಕೆ ಓದಿದವರು. ಇಬ್ಬರೂ ಸರಿ. ಇದೇ ಕ್ಲಬ್ಬಿಗೆ 2012ರ ಮೇ 13ರಂದು ಅಗ್ವೆರೊ ತಂದುಕೊಟ್ಟ ಲೀಗ್ ಪ್ರಶಸ್ತಿಯ ಗೋಲನ್ನು ಅಭಿಮಾನಿಗಳೆಲ್ಲ 93:20 ಎಂದೇ ಜಪಿಸುತ್ತಾರೆ. ಅದೂ ದಾಖಲೆಯಲ್ಲಿ 90+4.

ಮೂರನೇ ದರ್ಜೆಯ ಪಂದ್ಯ ಯಾಕೆ ಅಷ್ಟು ದೊಡ್ಡದು ಎಂಬ ಪ್ರಶ್ನೆಗೆ ಉತ್ತರ ಅದರ ಹಿಂದಿನ ವರ್ಷದಲ್ಲಿದೆ. 1937 ಮತ್ತು 1968ರಲ್ಲಿ ಇಂಗ್ಲೆಂಡಿನ ಚಾಂಪಿಯನ್ ಆಗಿದ್ದ, 1970ರಲ್ಲಿ ಯುರೋಪಿನ ಕಪ್ ಒಂದನ್ನು ತಂದಿದ್ದ ಕ್ಲಬ್ಬು 1998ರ ಮೇ 3ರಂದು ಸ್ಟೋಕ್‌ನಲ್ಲಿ 5–2ರಿಂದ ಗೆದ್ದೂ ಮೂರನೇ ದರ್ಜೆಗೆ ಬಿತ್ತು. ಕೆಳಗಿನ ಸ್ಥಾನಗಳಲ್ಲಿ ಒದ್ದಾಡುತ್ತಿದ್ದ ಬೇರೆ ತಂಡಗಳೂ ಅದೇ ಮಧ್ಯಾಹ್ನ ಗೆದ್ದುಬಿಟ್ಟಿದ್ದವು. ಕ್ಲಬ್ಬಿನ ಇತಿಹಾಸದಲ್ಲಿ ಅಷ್ಟು ಕೆಳಗೆ ಇಳಿದದ್ದು ಅದೇ ಮೊದಲು. ಬಡ್ತಿ, ಹಿಂಬಡ್ತಿಯ ನೋವು ನಮ್ಮವರಿಗೂ ಹೊಸದಲ್ಲ. ಬೆಂಗಳೂರಿನ ಜಿಲ್ಲಾ ಲೀಗಿನಲ್ಲಿ ಸೂಪರ್ ಡಿವಿಷನ್‌ನಿಂದ ಎ ಡಿವಿಷನ್‌ಗೆ ಇಳಿದ ತಂಡದ ಬೆಂಬಲಿಗರನ್ನು ಕೇಳಿದರೆ ಗೊತ್ತಾಗುತ್ತದೆ. ಮೇಲಿನ ಪಂಕ್ತಿಯಲ್ಲಿ ಸೋತರೆ ಒಂದು ಕಪ್ ಕೈತಪ್ಪುತ್ತದೆ. ಇಲ್ಲಿ ಸೋತರೆ ಇಡೀ ಮುಂದಿನ ವರ್ಷವೇ ಕೈತಪ್ಪುತ್ತದೆ.

ಆ ಋತುವಿನಲ್ಲಿ ಫುಲಂ 101 ಅಂಕ, ವಾಲ್‌ಸಾಲ್ 87 ಅಂಕ ಗಳಿಸಿ ನೇರವಾಗಿ ಮೇಲೇರಿದವು. 82 ಅಂಕಗಳ ಸಿಟಿ ಮೂರನೆಯದು, 80ರ ಜಿಲಿಂಗಮ್ ನಾಲ್ಕನೆಯದು, 79ರ ಪ್ರೆಸ್ಟನ್ ಐದನೆಯದು, 76ರ ವಿಗನ್ ಆರನೆಯದು. ಪ್ಲೇಆಫ್ ಪದ್ಧತಿಯಲ್ಲಿ ಮೂರನೆಯವರಿಗೆ ಆರನೆಯವರು, ನಾಲ್ಕನೆಯವರಿಗೆ ಐದನೆಯವರು ಎದುರಾಳಿ. ತವರಲ್ಲೊಂದು, ಹೊರಗೊಂದು ಪಂದ್ಯ. ಗೆದ್ದ ಇಬ್ಬರಿಗೆ ವೆಂಬ್ಲಿಯಲ್ಲಿ ಒಂದೇ ಫೈನಲ್. ನಲವತ್ತಾರು ಪಂದ್ಯಗಳ ದುಡಿಮೆಯೆಲ್ಲ ಒಂದು ಮಧ್ಯಾಹ್ನಕ್ಕೆ ಬಂದು ನಿಲ್ಲುತ್ತದೆ. ಜಿಲಿಂಗಮ್ ಪಾಲಿಗೆ ಅದು ಇನ್ನೂ ದೊಡ್ಡ ಮಧ್ಯಾಹ್ನ: 1893ರಲ್ಲಿ ಹುಟ್ಟಿದ ಆ ಕ್ಲಬ್ಬು ಅಲ್ಲಿಯವರೆಗೆ ಒಮ್ಮೆಯೂ ಎರಡನೇ ದರ್ಜೆಯಲ್ಲಿ ಆಡಿರಲಿಲ್ಲ. ಇದರ ಮೇಲೆ ಇನ್ನೊಂದು ಒತ್ತಡವೂ ಇತ್ತು. ಫೈನಲ್‌ಗೆ ನಾಲ್ಕು ದಿನ ಮೊದಲು, ಮೇ 26ರ ರಾತ್ರಿ, ಬಾರ್ಸಿಲೋನಾದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಇಂಜುರಿ ಟೈಮ್‌ನ ಎರಡು ಗೋಲುಗಳಿಂದ ಯುರೋಪಿನ ಕಿರೀಟ ಗೆದ್ದಿತ್ತು. ಅದೇ ಊರಿನ ಇನ್ನರ್ಧ ಜನ ಆ ಸಡಗರದ ನಡುವೆ ಕೂತು ಭಾನುವಾರಕ್ಕೆ ಕಾದಿದ್ದರು.

ಇನ್ನು ಪಂದ್ಯ. ಎಂಬತ್ತು ನಿಮಿಷ ಗೋಲಿಲ್ಲ. 81ನೇ ನಿಮಿಷದಲ್ಲಿ ಕಾರ್ಲ್ ಅಸಾಬಾ ಜಿಲಿಂಗಮ್‌ಗೆ ಮುನ್ನಡೆ ತಂದರು. 87ರಲ್ಲಿ ಅದೇ ಅಸಾಬಾ ಹಿಮ್ಮಡಿಯಿಂದ ತಳ್ಳಿಕೊಟ್ಟ ಚೆಂಡನ್ನು ರಾಬರ್ಟ್ ಟೇಲರ್ ಬಲೆಗೆ ಸೇರಿಸಿದರು. 2–0, ಉಳಿದದ್ದು ಮೂರು ನಿಮಿಷ. ಆಮೇಲೆ ಹಾರ್ಲಾಕ್. ರೆಫರಿ ಮಾರ್ಕ್ ಹಾಲ್ಸಿ ಸೇರಿಸಿದ್ದು ಐದು ನಿಮಿಷ. ಅದರ ಕೊನೆಯ ನಿಮಿಷದಲ್ಲಿ, ಬಾಕ್ಸ್‌ನೊಳಗೆ ಕಾಲುಗಳ ಗುಂಪಿನಿಂದ ಸಿಡಿದು ಬಂದ ಚೆಂಡನ್ನು ಡಿಕಾವ್ ಗೋಲಿಯ ಮೇಲಿಂದ ಬಲೆಗೆ ಬಾರಿಸಿದರು. ಎದುರಿಗಿದ್ದ ಗೋಲಿ ವಿನ್ಸ್ ಬಾರ್ಟ್ರಮ್, ಡಿಕಾವ್ ಮದುವೆಯಲ್ಲಿ ಮದುಮಗನ ಪಕ್ಕ ನಿಂತಿದ್ದ ಗೆಳೆಯ.

ನಿಮ್ಮ ಕೆಲಸಕ್ಕೆ ತುಂಬ ಬೇಕಾಗುವ ಭಾಗ ಇದರ ಮುಂದಿನದು, ಪೆನಾಲ್ಟಿಗಳು. ಅಭಿಮಾನಿಗಳ ನೆನಪು ಹೆಚ್ಚು ಜಾರುವುದು ಇಲ್ಲೇ. ಡಿಕಾವ್ ಸಿಟಿಯನ್ನು ಉಳಿಸಿದವರು, ಹಾಗಾಗಿ ಅವರು ಪೆನಾಲ್ಟಿಯನ್ನೂ ಹೊಡೆದಿರಬೇಕು ಎಂದು ಮನಸ್ಸು ತಾನೇ ಸೇರಿಸಿಕೊಳ್ಳುತ್ತದೆ. ನಿಜಕ್ಕೂ ಅವರ ಹೊಡೆತ ಎರಡೂ ಕಂಬಗಳಿಗೆ ಬಡಿದು ಹೊರಗೆ ಬಂತು. ಕ್ರಮವನ್ನು ಬರೆದಿಟ್ಟುಕೊಳ್ಳಿ. ಸಿಟಿಯ ಹಾರ್ಲಾಕ್ ಗೋಲು, ಜಿಲಿಂಗಮ್‌ನ ಪಾಲ್ ಸ್ಮಿತ್ ಹೊಡೆದದ್ದನ್ನು ಇಪ್ಪತ್ತು ವರ್ಷದ ಗೋಲಿ ನಿಕಿ ವೀವರ್ ತಡೆದರು, ಡಿಕಾವ್ ತಪ್ಪಿದರು, ಏಡ್ರಿಯನ್ ಪೆನಾಕ್ ಹೊರಗೆ ಹೊಡೆದರು, ಟೆರಿ ಕುಕ್ ಗೋಲು, ಜಾನ್ ಹಾಜ್ ಗೋಲು, ಜಿಲಿಂಗಮ್‌ನದು ಅದೊಂದೇ, ರಿಚರ್ಡ್ ಎಡ್ಜ್‌ಹಿಲ್ ಹೊಡೆತ ಅಡ್ಡಪಟ್ಟಿಯ ಒಳಮೈಗೆ ತಾಗಿ ಒಳಗೆ ಬಿತ್ತು, ಗೈ ಬಟರ್ಸ್ ಹೊಡೆದದ್ದನ್ನು ವೀವರ್ ಮತ್ತೆ ತಡೆದರು. 3–1. ಐದನೇ ಸುತ್ತಿನ ಅಗತ್ಯ ಬೀಳಲಿಲ್ಲ. ಐದೂ ಸುತ್ತು ನಡೆದವು ಅಂತ ಯಾರಾದರೂ ಹೇಳಿದರೆ ಅವರ ನೆನಪಿನೊಳಗೆ ಬೇರೊಂದು ಪಂದ್ಯ ಬಂದು ಸೇರಿದೆ ಎಂದು ತಿಳಿಯಿರಿ. ಅದರ ಹಿಂದಿನ ವರ್ಷ, 1998ರಲ್ಲಿ, ಇದೇ ವೆಂಬ್ಲಿಯ ಇನ್ನೊಂದು ಪ್ಲೇಆಫ್ ಫೈನಲ್ 4–4 ಆಗಿ, ಚಾರ್ಲ್‌ಟನ್ ತಂಡ ಸಂಡರ್‌ಲ್ಯಾಂಡನ್ನು ಪೆನಾಲ್ಟಿಯಲ್ಲಿ 7–6ರಿಂದ ಸೋಲಿಸಿತ್ತು. ಟಿವಿಯಲ್ಲಿ ಎರಡನ್ನೂ ನೋಡಿದವರ ತಲೆಯಲ್ಲಿ ಎರಡೂ ಹೆಣೆದುಕೊಳ್ಳುವುದು ಸಹಜ.

ಈಗ ಕೊನೆತನಕ ಯಾರಿದ್ದರು ಎಂಬ ಪ್ರಶ್ನೆ. 2–0 ಆದಾಗ ಸಿಟಿಯ ಅಭಿಮಾನಿಗಳು ದೊಡ್ಡ ಸಂಖ್ಯೆಯಲ್ಲಿ ಎದ್ದು ಹೊರಟರು. ಇದು ಎಲ್ಲರಿಗೂ ಗೊತ್ತಿರುವ ಸಂಗತಿ, ಮುಚ್ಚಿಡುವಂಥದ್ದಲ್ಲ. ಆ ದಿನದ ಹಾಜರಿ 76,935. ಅಷ್ಟು ಜನ ಒಮ್ಮೆಗೇ ಹೊರಬಿದ್ದರೆ ನಿಲ್ದಾಣದವರೆಗಿನ ಹಾದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಮ್ಯಾಂಚೆಸ್ಟರ್‌ಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಹೊರಗೆ ನಡೆಯುತ್ತಿದ್ದಾಗ ಒಳಗಿನಿಂದ ಒಂದು ಘರ್ಜನೆ ಕೇಳಿಸಿತು. ಯಾರದು ಅಂತ ಗೊತ್ತಾಗುವ ಮೊದಲೇ ಕೆಲವರು ಹಿಂದಕ್ಕೆ ಓಡಿದರು. ಎದ್ದು ಹೊರಟವರು ಕ್ಲಬ್ಬನ್ನು ಕಡಿಮೆ ಪ್ರೀತಿಸಿದವರಲ್ಲ. ಒಂದು ವರ್ಷದ ಕೆಳಗೆ ಸ್ಟೋಕ್‌ನಲ್ಲಿ ಐದು ಗೋಲು ಹೊಡೆದು ಗೆದ್ದೂ ಬಿದ್ದದ್ದನ್ನು ಕಂಡವರು ಇನ್ನೊಮ್ಮೆ ಅಂಥದ್ದನ್ನು ಕಣ್ಣಾರೆ ನೋಡಲಾರದೆ ಎದ್ದರು. ನನ್ನ ಅಭಿಪ್ರಾಯದಲ್ಲಿ ಅವರ ನೆನಪು ಉಳಿದವರ ನೆನಪಿಗಿಂತ ಅಪರೂಪದ್ದು. ಒಳಗೆ ನಡೆದದ್ದನ್ನೆಲ್ಲ ಕ್ಯಾಮೆರಾ ಉಳಿಸಿಕೊಂಡಿದೆ. ಹೊರಗಿನ ದಾರಿಯಲ್ಲಿ ನಿಂತು ಕೇಳಿದ ಆ ಸದ್ದು ಕೇಳಿದವರಲ್ಲಿ ಮಾತ್ರ ಉಳಿದಿದೆ.

ಆದ್ದರಿಂದ ನಿಮ್ಮ ಹಿರಿಯರಿಬ್ಬರನ್ನು ಕೇಳುವಾಗ "ಕೊನೆತನಕ ಇದ್ದಿರಾ?" ಎಂದು ಶುರು ಮಾಡಬೇಡಿ. ಆ ಪ್ರಶ್ನೆಗೆ ಇಷ್ಟು ವರ್ಷದಲ್ಲಿ ಉತ್ತರ ಗಟ್ಟಿಯಾಗಿಬಿಟ್ಟಿರುತ್ತದೆ. ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಳ್ಳಿ. ಜೊತೆಗಿದ್ದರೆ ಮಾತು ಜೋರಿರುವವರ ನೆನಪು ಇನ್ನೊಬ್ಬರದೂ ಆಗಿಬಿಡುತ್ತದೆ. ಪಂದ್ಯದ ವಿಡಿಯೋ ಮೊದಲೇ ತೋರಿಸಬೇಡಿ. ಒಮ್ಮೆ ತೋರಿಸಿದಿರೋ, ಅವರು ಕಂಡದ್ದು ಹಿಂದೆ ಸರಿದು ಕ್ಯಾಮೆರಾ ಕಂಡದ್ದು ಮುಂದೆ ಬರುತ್ತದೆ. ಮತ್ತೆ ಅದನ್ನು ಬೇರ್ಪಡಿಸಲು ಆಗುವುದಿಲ್ಲ. ಬೆಳಗ್ಗೆಯಿಂದ ಹಿಡಿಯಿರಿ: ಎಷ್ಟು ಹೊತ್ತಿಗೆ ಮನೆ ಬಿಟ್ಟಿರಿ, ಬಸ್ಸೋ ರೈಲೋ ಕಾರೋ, ಟಿಕೆಟ್ ಯಾರ ಕೈಲಿತ್ತು, ಎಡಕ್ಕೆ ಯಾರು, ಬಲಕ್ಕೆ ಯಾರು. ಟಿಕೆಟ್ಟಿನ ಅರ್ಧ ತುಂಡು ಉಳಿದಿದ್ದರೆ ಅದರ ಮೇಲೆ ಪ್ರವೇಶದ್ವಾರ, ಸಾಲು, ಆಸನ ಸಂಖ್ಯೆ ಇರುತ್ತವೆ, ಫೋಟೋ ತೆಗೆದಿಟ್ಟುಕೊಳ್ಳಿ.

ಆಸನ ಗೊತ್ತಾದ ಮೇಲೆ ಎರಡೂ ಗೋಲುಗಳ ಬಗ್ಗೆ ಒಂದೇ ಪ್ರಶ್ನೆ ಕೇಳಿ: ಚೆಂಡು ನಿಮ್ಮ ಕಡೆಗೆ ಬರುತ್ತಿತ್ತೋ, ನಿಮ್ಮಿಂದ ದೂರ ಹೋಗುತ್ತಿತ್ತೋ? ಗೋಲಿನ ಹಿಂದೆ ಕೂತವರಿಗೆ ಆಟ ಉದ್ದುದ್ದಕ್ಕೆ ಕಾಣುತ್ತದೆ. ಟಿವಿಯಲ್ಲಿ ಅದು ಯಾವತ್ತೂ ಎಡದಿಂದ ಬಲಕ್ಕೆ, ಇಲ್ಲವೇ ಬಲದಿಂದ ಎಡಕ್ಕೆ. ಗೋಲಿನ ಹಿಂದೆ ಕೂತಿದ್ದವರು ಡಿಕಾವ್ ಗೋಲನ್ನು ಪಕ್ಕದಿಂದ ಕಂಡಂತೆ ವರ್ಣಿಸಿದರೆ, ಆ ಚಿತ್ರ ಆಮೇಲೆ ಬಂದು ಸೇರಿದ್ದು. ಅದಕ್ಕಾಗಿ ಅವರನ್ನು ಸುಳ್ಳುಗಾರರ ಸಾಲಿಗೆ ಸೇರಿಸಬೇಡಿ. ಹಳೆಯ ವೆಂಬ್ಲಿಯಲ್ಲಿ ಮೈದಾನಕ್ಕೂ ಆಸನಗಳಿಗೂ ನಡುವೆ ಓಟದ ಪಥವಿತ್ತು. ಆಚೆ ತುದಿಯ ಗೋಲಿನಲ್ಲಿ ಏನಾಯಿತೆಂದು ಕಣ್ಣಿಗಿಂತ ಸದ್ದಿನಿಂದ ತಿಳಿದವರೇ ಬಹಳ. ಕಣ್ಣಿಗೆ ಕಾಣದೆ ಉಳಿದ ಜಾಗವನ್ನು ಟಿವಿ ತುಂಬಿತು, ಅಷ್ಟೇ. ನೀವು ಬರೆಯುವಾಗ ಎರಡನ್ನೂ ಇಡಿ, ಯಾವುದು ಯಾವುದೆಂದು ಪಕ್ಕದಲ್ಲಿ ಗುರುತು ಹಾಕಿ. ಇಬ್ಬರ ಮಾತು ಹೊಂದದ ಕಡೆ ತಿದ್ದಿ ಒಂದು ಮಾಡುವ ಆಸೆ ಹುಟ್ಟುತ್ತದೆ, ಹಾಗೆ ಮಾಡಬೇಡಿ.

ಮನೆಯವರು ತಲೆಯಾಡಿಸುವ ಹಿರಿಯರ ವಿಷಯಕ್ಕೆ ಬಂದರೆ, ಅವರನ್ನು "87ನೇ ನಿಮಿಷದ ಗೋಲಾದ ಮೇಲೆ ನಿಮ್ಮ ಸಾಲಿನಲ್ಲಿ ಯಾರು ಎದ್ದರು?" ಎಂದು ಕೇಳಿ. ಬೇರೆಯವರ ಬಗ್ಗೆ ಹೇಳುತ್ತ ಹೇಳುತ್ತ ಜನ ತಮ್ಮ ಹೆಜ್ಜೆಗಳನ್ನೂ ಹೇಳಿಬಿಡುತ್ತಾರೆ. ಹೇಳದಿದ್ದರೆ ಅಲ್ಲಿಗೇ ಬಿಡಿ.

ಇನ್ನೊಂದು ಕೋರಿಕೆ. ನೀವು ಪತ್ರದಲ್ಲಿ ಸಿಟಿಯವರನ್ನಷ್ಟೇ ಹೆಸರಿಸಿದ್ದೀರಿ. ಸಾಧ್ಯವಾದರೆ ಕೆಂಟ್ ಕಡೆಯ ಒಬ್ಬರನ್ನಾದರೂ ಹುಡುಕಿ. ಅದೇ ಐದು ನಿಮಿಷ ಅವರಿಗೆ ಬೇರೆಯೇ ಉದ್ದದ್ದು, ಅಷ್ಟು ಹೊತ್ತು ಎಲ್ಲಿಂದ ಬಂತು ಎಂದು ಇವತ್ತಿಗೂ ಕೇಳುವವರು ಅವರು. ಅವರ ಕತೆ ಆ ದಿನಕ್ಕೆ ಮುಗಿಯಲಿಲ್ಲ. ಆ ಬೇಸಿಗೆಯಲ್ಲಿ ಮ್ಯಾನೇಜರ್ ಟೋನಿ ಪ್ಯೂಲಿಸ್ ಹೋದರು, ಪೀಟರ್ ಟೇಲರ್ ಬಂದರು. ಎರಡನೇ ಗೋಲು ಹೊಡೆದಿದ್ದ ರಾಬರ್ಟ್ ಟೇಲರ್ ಕೆಲವೇ ತಿಂಗಳಲ್ಲಿ ಸಿಟಿಯನ್ನೇ ಸೇರಿ, ಆ ಋತುವಿನ ಕೊನೆಗೆ ಅದರ ಜೊತೆ ಪ್ರೀಮಿಯರ್ ಲೀಗ್‌ಗೆ ಬಡ್ತಿ ಕಂಡರು. ಜಿಲಿಂಗಮ್ 2000ದ ಮೇನಲ್ಲಿ ಮತ್ತೆ ಅದೇ ವೆಂಬ್ಲಿಗೆ, ಅದೇ ಫೈನಲ್‌ಗೆ ಬಂತು. ಎದುರಾಳಿ ವಿಗನ್. ಹೆಚ್ಚುವರಿ ಸಮಯದಲ್ಲಿ 2–1ರಿಂದ ಹಿಂದೆ ಬಿದ್ದು, ಸ್ಟೀವ್ ಬಟ್ಲರ್ ಮತ್ತು ಆ್ಯಂಡಿ ಥಾಮ್ಸನ್ ತಲೆಯಿಂದ ಹೊಡೆದ ಗೋಲುಗಳಿಂದ 3–2ಕ್ಕೆ ಗೆದ್ದು ಮೊದಲ ಬಾರಿ ಎರಡನೇ ದರ್ಜೆಗೆ ಏರಿತು. ಈ ಸಲ "ಹೆಚ್ಚುವರಿ ಸಮಯ" ಎಂದು ತಿಳಿದೇ ಬರೆದಿದ್ದೇವೆ. 1999ರಲ್ಲಿ ಪೆನಾಲ್ಟಿಯನ್ನು ತಡೆಸಿಕೊಂಡಿದ್ದ ಬಟರ್ಸ್ ಆ ತಂಡದವರೇ.

ನೀವು ಬರೆದದ್ದನ್ನು ನಮಗೆ ಕಳಿಸಿ, ಜಾಗ ಕೊಡುತ್ತೇವೆ. ತಿದ್ದುಪಡಿ ಇದೇ ಸಂಚಿಕೆಯಲ್ಲಿ, ಹಿಂದಿನ ಲೇಖನ ಬಂದಿದ್ದ ಅದೇ ಫುಟ್‌ಬಾಲ್ ಪುಟದಲ್ಲಿ ಇದೆ.

— ಸಂಪಾದಕ