ಯೋಚನೆ ಬಿಡಲು ಹೊರಟರೆ ಬಿಗಿತವೇ ಹೆಚ್ಚುತ್ತಿದೆ

ಪ್ರಶ್ನೆ: ಕೆಲವು ತಿಂಗಳುಗಳಿಂದ ದಿನವೂ ಬೆಳಿಗ್ಗೆ ಉಸಿರಿನ ಮೇಲೆ ಗಮನವಿಟ್ಟು ಬೌದ್ಧ ಪದ್ಧತಿಯ ಧ್ಯಾನ ಮಾಡುತ್ತಿದ್ದೇನೆ. ಬಂದ ಯೋಚನೆಯನ್ನು ಬಿಟ್ಟುಬಿಡಬೇಕು ಎನ್ನುತ್ತಾರೆ. ಆದರೆ ಬಿಡಲು ಹೊರಟಷ್ಟೂ ಹಳೆಯ ಜಗಳಗಳು, ಆಡಬಾರದಿದ್ದ ಮಾತುಗಳು ಮತ್ತೆ ಮತ್ತೆ ನೆನಪಾಗುತ್ತವೆ. ಏಳುವ ಹೊತ್ತಿಗೆ ಕತ್ತು, ದವಡೆ ಬಿಗಿದಿರುತ್ತವೆ. ಅಪರೂಪಕ್ಕೊಮ್ಮೆ ಎಲ್ಲವೂ ನಿಶ್ಶಬ್ದವಾದಂತೆ ಅನಿಸುತ್ತದೆ, ಆದರೆ ಅದು ಗೊತ್ತಾದ ಕೂಡಲೇ ಭಯವಾಗಿ ಕಣ್ಣು ತೆರೆದುಬಿಡುತ್ತೇನೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನಿಮ್ಮ ದವಡೆಯಿಂದಲೇ ಆರಂಭಿಸೋಣ. ಕಾಡುವ ಯೋಚನೆಗಳನ್ನು ಶಮನಗೊಳಿಸುವ ಬಗೆಯನ್ನು ಹೇಳುವ ವಿತಕ್ಕಸಂಠಾನ ಸುತ್ತವು (ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ಮಜ್ಝಿಮನಿಕಾಯದ 20ನೆಯ ಸುತ್ತ, ಅಂದರೆ ಉಪದೇಶ) ಐದು ಉಪಾಯಗಳನ್ನು ಕ್ರಮವಾಗಿ ಕೊಡುತ್ತದೆ: ಮನಸ್ಸನ್ನು ಒಳ್ಳೆಯದೊಂದು ವಿಷಯಕ್ಕೆ ತಿರುಗಿಸುವುದು, ಆ ಯೋಚನೆಯಿಂದಾಗುವ ಕೇಡನ್ನು ಕಾಣುವುದು, ಅದರತ್ತ ಗಮನ ಕೊಡದಿರುವುದು, ಅದನ್ನು ಹುಟ್ಟಿಸುತ್ತಿರುವ ವೇಗವನ್ನು ತಗ್ಗಿಸುವುದು, ಮತ್ತು ಇವು ಯಾವುವೂ ಫಲಿಸದಿದ್ದಾಗ ಹಲ್ಲು ಕಚ್ಚಿ, ನಾಲಗೆಯನ್ನು ಅಂಗುಳಕ್ಕೆ ಒತ್ತಿ, ಮನಸ್ಸನ್ನು ಬಲವಂತವಾಗಿ ಹತ್ತಿಕ್ಕುವುದು. ಕಟ್ಟಕಡೆಗೆ ಬಳಸಬೇಕಾದ ಈ ಐದನೆಯ ಉಪಾಯವನ್ನು ನೀವು ತಿಳಿಯದೆಯೇ ಮೊದಲನೆಯದಾಗಿ ಮಾಡಿಕೊಂಡಿದ್ದೀರಿ. ನೀವು 'ಬಿಡುವುದು' ಎನ್ನುತ್ತಿರುವುದು ನಿಜವಾಗಿ ದಬ್ಬುವುದು. ದಬ್ಬಬೇಕಾದರೆ ವಸ್ತುವಿನ ಮೇಲೆ ಕೈ ಇಟ್ಟಿರಲೇಬೇಕಷ್ಟೆ.

ನಿಮಗೆ ಹೆಚ್ಚು ಒದಗುವುದು ನಾಲ್ಕನೆಯ ಉಪಾಯ. ಅವಸರವಾಗಿ ನಡೆಯುತ್ತಿರುವವನೊಬ್ಬ 'ನಾನೇಕೆ ಇಷ್ಟು ಬೇಗ ನಡೆಯುತ್ತಿದ್ದೇನೆ' ಎಂದುಕೊಂಡು ನಿಧಾನವಾಗುತ್ತಾನೆ, ಆಮೇಲೆ ನಿಲ್ಲುತ್ತಾನೆ, ಕೂರುತ್ತಾನೆ, ಕೊನೆಗೆ ಮಲಗುತ್ತಾನೆ ಎಂದು ಸುತ್ತವು ಅದನ್ನು ವಿವರಿಸುತ್ತದೆ. ಅಲ್ಲಿ ಯಾರೂ ಅವನನ್ನು ಹಿಡಿದು ನಿಲ್ಲಿಸುವುದಿಲ್ಲ ಎಂಬುದನ್ನು ಗಮನಿಸಿ.

ಕೂತಾಗ ಹೀಗೆ ಮಾಡಿ. ಜಗಳದ ನೆನಪು ಬಂದ ಕ್ಷಣದಲ್ಲಿ ಅದರ ಕಥೆಯನ್ನು ಬದಿಗಿಟ್ಟು ಮೈಯನ್ನು ನೋಡಿ: ಕೆಳದವಡೆ ಸ್ವಲ್ಪ ಮುಂದಕ್ಕೆ ಬಂದಿರುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲಿ ತಡೆದು ನಿಂತಿರುತ್ತದೆ, ತೊಡೆಯ ಮೇಲಿನ ಬೆರಳುಗಳು ಒಳಮುಖವಾಗಿ ಮಡಚಿಕೊಂಡಿರುತ್ತವೆ, ಮುಚ್ಚಿದ ರೆಪ್ಪೆಯ ಹಿಂದೆ ಕಣ್ಣುಗಳು ಎದುರಾಳಿಯ ಮುಖವನ್ನು ಹುಡುಕುತ್ತಿರುತ್ತವೆ. ಇವುಗಳಲ್ಲಿ ಒಂದನ್ನೇ, ಉದಾಹರಣೆಗೆ ಬೆರಳುಗಳನ್ನು, ಉಸಿರು ಹೊರಹೋಗುವಾಗ ಸಡಿಲಿಸಿ. ಉಸಿರನ್ನು ಬೇಕೆಂದೇ ಉದ್ದಗೊಳಿಸಬೇಡಿ. ನೆನಪು ಇನ್ನೂ ಉಳಿದಿದ್ದರೆ ಉಳಿಯಲಿ. ಸಡಿಲಗೊಂಡ ಮೈಯಲ್ಲಿ ಅದಕ್ಕೆ ಮೊದಲಿನ ಹುರುಪು ಇರುವುದಿಲ್ಲ ಎಂಬುದನ್ನು ನೀವೇ ಪರೀಕ್ಷಿಸಿ ನೋಡಬಹುದು. ಬರ್ಮಾದ ಮಹಾಸಿ ಸಯಾಡೋ (1904–1982) ಅವರ ಪರಂಪರೆಯಲ್ಲಿ ಕಲಿಸುವಂತೆ 'ನೆನಪು, ನೆನಪು' ಎಂದು ಮನಸ್ಸಿನಲ್ಲೇ ಮೆಲ್ಲಗೆ ಗುರುತಿಸಿಕೊಂಡು ಉಸಿರಿಗೆ ಮರಳುವುದೂ ಕೆಲವರಿಗೆ ಒಗ್ಗುತ್ತದೆ. ಉಸಿರಿನ ಎಣಿಕೆ ಬೇಕೆನಿಸಿದರೆ, ಒಂದು ಸುತ್ತಿಗೆ ಐದಕ್ಕಿಂತ ಕಡಿಮೆ ಅಥವಾ ಹತ್ತಕ್ಕಿಂತ ಹೆಚ್ಚು ಎಣಿಸಬಾರದು ಎಂಬ, ಪ್ರಾಚೀನ ಪಾಲಿ ಧ್ಯಾನಗ್ರಂಥವಾದ ವಿಸುದ್ಧಿಮಗ್ಗದ ಸಲಹೆಯನ್ನು ಪಾಲಿಸಿ. ತೀರಾ ಕಡಿಮೆಯಾದರೆ ಮನಸ್ಸು ಇಕ್ಕಟ್ಟಿಗೆ ಸಿಲುಕುತ್ತದೆ, ಹೆಚ್ಚಾದರೆ ಉಸಿರನ್ನು ಬಿಟ್ಟು ಲೆಕ್ಕಕ್ಕೆ ಅಂಟಿಕೊಳ್ಳುತ್ತದೆ.

ಆನಾಪಾನಸತಿ ಸುತ್ತವು (ಮಜ್ಝಿಮನಿಕಾಯದ 118ನೆಯದು) ಉಸಿರಿನ ಧ್ಯಾನದ 16 ಹಂತಗಳನ್ನು ಹೇಳುವಾಗ 'ಪಟಿನಿಸ್ಸಗ್ಗ', ಅಂದರೆ ಬಿಟ್ಟುಕೊಡುವುದನ್ನು, ಹದಿನಾರನೆಯದಾಗಿ ಇಡುತ್ತದೆ. ದೀರ್ಘ ಉಸಿರನ್ನು ಅರಿಯುವುದು, ಹ್ರಸ್ವ ಉಸಿರನ್ನು ಅರಿಯುವುದು, ಇಡೀ ಕಾಯವನ್ನು ಅನುಭವಿಸುವುದು, ಕಾಯದ ಚಟುವಟಿಕೆಯನ್ನು ಶಾಂತಗೊಳಿಸುವುದು ಎಂಬ ನಾಲ್ಕು ಮೊದಲು ಬರುತ್ತವೆ. ಆಮೇಲೆ ಪ್ರೀತಿ (ಇಲ್ಲಿ ಧ್ಯಾನದಲ್ಲಿ ಉಕ್ಕುವ ಹರ್ಷ), ಸುಖಗಳೂ ಚಿತ್ತದ ಸ್ಥಿತಿಗಳೂ ಬಂದು, ಅನಿತ್ಯವನ್ನು ಕಂಡ ಮೇಲಷ್ಟೇ ಬಿಡುವಿಕೆಯ ಮಾತು ಬರುತ್ತದೆ. ಇದನ್ನು ಪರೀಕ್ಷೆಯ ತರಗತಿಗಳಂತೆ ಒಂದೊಂದಾಗಿ ಪಾಸು ಮಾಡಬೇಕಿಲ್ಲ. ಆದರೂ ಈ ಕ್ರಮಕ್ಕೆ ಅರ್ಥವಿದೆ: ಬಂದದ್ದು ತಾನಾಗಿ ಹೋಗುವುದನ್ನು ಸಾಕಷ್ಟು ಸಲ ಕಂಡ ಮನಸ್ಸು, ಹೇಳಿಸಿಕೊಳ್ಳದೆಯೇ ಹಿಡಿತವನ್ನು ಸಡಿಲಿಸುತ್ತದೆ. ಮೊದಲ ನಾಲ್ಕರಲ್ಲಿಯೇ ನೀವು ತಿಂಗಳುಗಟ್ಟಲೆ ಉಳಿದರೂ ಹಿಂದುಳಿದಿರೆಂದು ನಾನು ಭಾವಿಸುವುದಿಲ್ಲ.

ಆಡಬಾರದ ಮಾತುಗಳ ವಿಷಯವೇ ಬೇರೆ. ಧ್ಯಾನಕ್ಕೆ ಅಡ್ಡಿಯಾಗುವ ಪಂಚ ನೀವರಣಗಳಲ್ಲಿ ಒಂದಾದ ಉದ್ಧಚ್ಚ-ಕುಕ್ಕುಚ್ಚವು ಚಂಚಲತೆಯನ್ನೂ ಪಶ್ಚಾತ್ತಾಪವನ್ನೂ ಜೊತೆಯಾಗಿಯೇ ಹೆಸರಿಸುತ್ತದೆ. ಯಾರ ಬಳಿಯಾದರೂ ಕ್ಷಮೆ ಕೇಳುವುದು ಬಾಕಿಯಿದ್ದರೆ ಎದ್ದುಹೋಗಿ ಕೇಳಿಬಿಡಿ. ಅದನ್ನು ಧ್ಯಾನದಿಂದ ತೀರಿಸಲಾಗದು. ಬೌದ್ಧ ಸಾಧನೆಯಲ್ಲಿ ಸಮಾಧಿಗಿಂತ (ಚಿತ್ತದ ಏಕಾಗ್ರತೆ) ಮೊದಲು ಶೀಲವನ್ನು (ಸದಾಚಾರ) ಇಟ್ಟಿರುವುದಕ್ಕೆ ಇಂಥ ತೀರ ವ್ಯಾವಹಾರಿಕವಾದ ಕಾರಣವೂ ಇದೆ.

ಇನ್ನು ಭಯ. ಒಳಮಾತು ನಿಂತಾಗ, ಅದನ್ನೇ 'ನಾನು' ಎಂದು ನಂಬಿಕೊಂಡು ಬಂದವರಿಗೆ ಆಧಾರ ತಪ್ಪಿದಂತೆನಿಸುವುದು ಸಹಜ. ಆಗ ನಿಶ್ಶಬ್ದದ ಒಳಕ್ಕೆ ಇಳಿಯಲು ಯತ್ನಿಸಬೇಡಿ, ಅದನ್ನು ಉಳಿಸಿಕೊಳ್ಳಲೂ ಹೋಗಬೇಡಿ. ಪೃಷ್ಠವು ಆಸನಕ್ಕೆ ತಗುಲಿರುವ ಭಾರವನ್ನು ಗಮನಿಸಿ; ಸಾಲದಿದ್ದರೆ ಕಣ್ಣು ಅರೆತೆರೆದು ನೆಲವನ್ನು ನೋಡಿ; ಅದೂ ಸಾಲದಿದ್ದರೆ ಎದ್ದು, ಪಾದ ಎತ್ತುವುದನ್ನೂ ಊರುವುದನ್ನೂ ಅರಿಯುತ್ತ ಹತ್ತು ನಿಮಿಷ ನಡೆಯಿರಿ. ನಡಿಗೆಯೂ ಪೂರ್ಣ ಪ್ರಮಾಣದ ಧ್ಯಾನವೇ. ಭಯವು ದಿನದ ಉಳಿದ ಹೊತ್ತಿಗೂ ಹರಡಿ ನಿದ್ದೆಗೆಡಿಸಿದರೆ ಅಭ್ಯಾಸವನ್ನು ನಿಲ್ಲಿಸಿ ಅನುಭವಿ ಗುರುವನ್ನೂ ಮನೋವೈದ್ಯರನ್ನೂ ಕಾಣಬೇಕು.

ಪ್ರಶ್ನೆ: ಹತ್ತು ದಿನ ಮೌನವಿರುವ ವಿಪಸ್ಸನಾ ಶಿಬಿರಕ್ಕೆ ಹೋದರೆ ಮನಸ್ಸಿನ ಮಾತೂ ನಿಲ್ಲುತ್ತದೆಯೇ?

ಉತ್ತರ: ನಿಲ್ಲುತ್ತದೆ ಎಂಬ ನಿರೀಕ್ಷೆಯಿಂದ ಹೋಗಬೇಡಿ. ವಿಪಸ್ಸನಾ ಆಚಾರ್ಯ ಎಸ್. ಎನ್. ಗೋಯೆಂಕಾ ಅವರ ಪದ್ಧತಿಯ ಶಿಬಿರಗಳಲ್ಲಿ ಹತ್ತನೆಯ ದಿನದ ಬೆಳಗಿನವರೆಗೆ ಜೊತೆಗಾರರೊಡನೆ ಮಾತು, ಸನ್ನೆ ಎರಡೂ ಇರುವುದಿಲ್ಲ; ಆಚಾರ್ಯರನ್ನೂ, ಊಟ-ವಸತಿಯಂಥ ವಿಷಯಗಳಿಗೆ ವ್ಯವಸ್ಥಾಪಕರನ್ನೂ ಮಾತ್ರ ಕೇಳಬಹುದು. ಇದು ಒಂದು ಕಟ್ಟುಪಾಡು, ಉಪಯುಕ್ತವಾದ ಕಟ್ಟುಪಾಡು. ಕೋಲಿತ ಸುತ್ತದಲ್ಲಿ ಬುದ್ಧನ ಪ್ರಮುಖ ಶಿಷ್ಯ ಮೊಗ್ಗಲ್ಲಾನರು ವಿವರಿಸುವ ಆರ್ಯಮೌನವಾದರೋ ವಿತರ್ಕ-ವಿಚಾರಗಳು, ಅಂದರೆ ಮನಸ್ಸಿನ ಯೋಚನೆಯ ಚಲನೆಗಳು, ಶಮಿಸಿದ ದ್ವಿತೀಯ ಧ್ಯಾನದ (ಆಳವಾದ ಏಕಾಗ್ರತೆಯ ಎರಡನೆಯ ಹಂತದ) ಸ್ಥಿತಿ. ಶಿಬಿರದ ಮೌನವು ಈ ಆರ್ಯಮೌನಕ್ಕೆ ಅನುಕೂಲ ಒದಗಿಸುತ್ತದೆಯೇ ಹೊರತು ಖಾತರಿ ಕೊಡುವುದಿಲ್ಲ. ಹೊರಗಿನ ಮಾತು ನಿಂತ ಮೊದಲ ದಿನಗಳಲ್ಲಿ ಒಳಗಿನ ಗದ್ದಲ ಜೋರಾಗಿ ಕೇಳುವುದೇ ಹೆಚ್ಚು. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು ವೈದ್ಯರ ಒಪ್ಪಿಗೆಯಿಲ್ಲದೆ ಹೋಗಬಾರದು, ಅರ್ಜಿಯಲ್ಲಿ ಆ ವಿವರವನ್ನು ಮುಚ್ಚಿಡಲೂ ಬಾರದು.